ಆಟದ ಬಯಲಿನ ಪಾದ್ರಿ

ಒಬ್ಬನ ನಂಬಿಕೆ ಇನ್ನೊಬ್ಬನ ಎದೆಗೆ ಹೇಗೆ ದಾಟುತ್ತದೆ ಎಂಬುದು ಬಹು ಹಳೆಯ ಪ್ರಶ್ನೆ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ಬಾಳುತ್ತಿರುವ ನನ್ನಂಥವನಿಗೆ ಅದು ಗ್ರಂಥಗಳಲ್ಲಿ ಹುದುಗಿದ ಪ್ರಶ್ನೆಯಲ್ಲ. ಬೀದಿಯ ಕೊನೆಯಲ್ಲಿ ಕಲ್ಲಾಗಿ ನಿಂತಿರುವ ಪ್ರಶ್ನೆ. 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದ ವಿಷ್ಣುವರ್ಧನನು ಜೈನ ಮನೆತನದಲ್ಲಿ ಹುಟ್ಟಿ ವೈಷ್ಣವನಾದನೆಂದು ಪರಂಪರೆ ಹೇಳುತ್ತದೆ. ಆತನ ಪಟ್ಟದರಸಿ ಶಾಂತಲೆಯು ಜಿನಭಕ್ತೆಯಾಗಿಯೇ ಉಳಿದಳು. ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗುಡಿಗೆ ಅನತಿದೂರದಲ್ಲಿ ಬಸದಿಗಳಿವೆ. ಅರಸೀಕೆರೆಯಲ್ಲಿ ಹದಿಮೂರನೆಯ ಶತಮಾನದ ಮೊದಲಲ್ಲಿ ಶಿವಾಲಯವೂ ಸಹಸ್ರಕೂಟ ಜಿನಾಲಯವೂ ಒಂದೇ ಊರಿನಲ್ಲಿ ಎದ್ದವು. ಗುರುವಿನ ಬೋಧೆ, ಅರಸನ ಒಲವು, ಸತಿಪತಿಯರ ಸಹಬಾಳ್ವೆ, ನೆರೆಹೊರೆಯ ಒಡನಾಟ ಇವುಗಳಲ್ಲಿ ಯಾವುದು ಮನುಷ್ಯನ ಮನಸ್ಸನ್ನು ತಿರುಗಿಸುತ್ತದೆ, ಯಾವುದು ಅದನ್ನು ತಿರುಗಿಸದೆಯೂ ಪ್ರೀತಿಯಿಂದ ಹಿಡಿದಿಡುತ್ತದೆ ಎಂಬ ಆಲೋಚನೆ ಈ ಸೀಮೆಯವರಿಗೆ ಸಹಜ.

ಈ ಗುಡಿಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ಹುಲಿಯೊಡನೆ ಸೆಣಸುವ ಸಳನು ಹೊಯ್ಸಳರ ಲಾಂಛನ. ಬೇಲೂರಿನ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯಿದ್ದಾಳೆ, ಕುಣಿಯುವವಳಿದ್ದಾಳೆ, ವಾದ್ಯ ನುಡಿಸುವವಳಿದ್ದಾಳೆ. ದೇಹದ ಚಟುವಟಿಕೆಯನ್ನು ದೇವರ ಮನೆಯ ಹೊರಗೆ ನಿಲ್ಲಿಸಬೇಕೆಂದು ನಮ್ಮ ರೂವಾರಿಗಳಿಗೆ ತೋರಲಿಲ್ಲ. ಆದುದರಿಂದ, ಆಟದ ಬಯಲಿನಲ್ಲಿ ಸಂಪಾದಿಸಿದ ಸ್ನೇಹವನ್ನೇ ದಾರಿಯಾಗಿ ಮಾಡಿಕೊಂಡು ತನ್ನ ಧರ್ಮವನ್ನು ಗೆಳೆಯರಿಗೆ ತಿಳಿಸಿದ ಒಬ್ಬ ಆಂಗ್ಲನ ಚರಿತ್ರೆ ನಮಗೆ ತೀರ ಅಪರಿಚಿತವೆನಿಸಬೇಕಾಗಿಲ್ಲ. ಆತನ ಹೆಸರು ಚಾರ್ಲ್ಸ್ ಥಾಮಸ್ ಸ್ಟಡ್. ಕ್ರಿಕೆಟ್ ಆಟದ ಇತಿಹಾಸ ಬಲ್ಲವರಿಗೆ ಆತ ಸಿ. ಟಿ. ಸ್ಟಡ್, ಕ್ರೈಸ್ತ ಮಿಷನ್ನುಗಳ ಇತಿಹಾಸ ಬಲ್ಲವರಿಗೆ ಚೀನ, ಭಾರತ, ಆಫ್ರಿಕಗಳಲ್ಲಿ ದುಡಿದ ಪಾದ್ರಿ. 1900ರಿಂದ 1906ರವರೆಗೆ ಆತ ನೆಲಸಿದ್ದು ಕನ್ನಡ ನಾಡಿನ ಅಂಚಿನ ಉದಕಮಂಡಲದಲ್ಲಿ.

ಸ್ಟಡ್ ಮನೆತನಕ್ಕೂ ಭಾರತಕ್ಕೂ ಇದ್ದ ನಂಟು ಅದಕ್ಕಿಂತ ಹಳೆಯದು. ತಂದೆ ಎಡ್ವರ್ಡ್ ಸ್ಟಡ್ ಬಿಹಾರದ ತಿರ್ಹುತ್ ಸೀಮೆಯಲ್ಲಿ ನೀಲಿಯ ತೋಟಗಳಿಂದ ಹೇರಳವಾಗಿ ಹಣ ಗಳಿಸಿ ಇಂಗ್ಲೆಂಡಿಗೆ ಮರಳಿದವನು. ವಿಲ್ಟ್‌ಷೈರಿನ ಟೆಡ್‌ವರ್ತ್ ಎಂಬಲ್ಲಿ ದೊಡ್ಡ ಬಂಗಲೆ, ಲಾಯದ ತುಂಬ ಪಂದ್ಯದ ಕುದುರೆಗಳು, ಬೇಟೆಯ ನಾಯಿಗಳು, ಮಕ್ಕಳಿಗಾಗಿ ಸೊಗಸಾದ ಕ್ರಿಕೆಟ್ ಬಯಲು. 1866ರಲ್ಲಿ ಆತನ ಸಾಲಮ್ಯಾಂಡರ್ ಎಂಬ ಕುದುರೆ ಇಂಗ್ಲೆಂಡಿನ ಅತಿ ಕಠಿಣವಾದ ಗ್ರ್ಯಾಂಡ್ ನ್ಯಾಷನಲ್ ಪಂದ್ಯವನ್ನು ಗೆದ್ದಿತು. ಇಂಥ ಮನುಷ್ಯನನ್ನು ಧರ್ಮದ ಕಡೆಗೆ ತಿರುಗಿಸಿದವನು ಯಾವ ಬಿಷಪ್ಪನೂ ಅಲ್ಲ. ತಿರ್ಹುತ್ ಕಾಲದ ಹಳೆಯ ಗೆಳೆಯ ವಿನ್ಸೆಂಟ್. ಅಮೆರಿಕದ ಉಪದೇಶಕ ಡಿ. ಎಲ್. ಮೂಡಿ ಆಗ ಲಂಡನ್ನಿನಲ್ಲಿ ಸಭೆಗಳನ್ನು ನಡೆಸುತ್ತಿದ್ದನು. ಕುದುರೆಯ ಗುಂಗಿನಲ್ಲಿದ್ದ ಗೆಳೆಯನನ್ನು ವಿನ್ಸೆಂಟ್ ಒಂದು ಸಂಜೆ ಆ ಸಭೆಗೆ ಕರೆದೊಯ್ದನು. ಎಡ್ವರ್ಡ್ ಸ್ಟಡ್ ಬೇರೆ ಮನುಷ್ಯನಾಗಿ ಹೊರಬಂದನು. ಪಂದ್ಯದ ಕುದುರೆಗಳು ಮಾರಾಟವಾದವು. ಟೆಡ್‌ವರ್ತಿನ ಹಜಾರವು ನೆರೆಹೊರೆಯ ಜನ ಕೂಡುವ ಪ್ರಾರ್ಥನಾಮಂದಿರವಾಯಿತು. ಅದಾದ ಮೇಲೆ ಆತ ಬದುಕಿದ್ದು ಸುಮಾರು ಎರಡು ವರ್ಷ ಮಾತ್ರ.

ಚಾರ್ಲ್ಸ್ ಹುಟ್ಟಿದ್ದು 1860ರ ಡಿಸೆಂಬರ್ 2ರಂದು. ಅಣ್ಣಂದಿರಾದ ಕೈನಾಸ್ಟನ್ ಮತ್ತು ಜಾರ್ಜ್ ಇವರೊಡನೆ ಆತ ಈಟನ್ ಶಾಲೆಯಲ್ಲಿ ಓದಿದನು. ತಂದೆಯ ಹೊಸ ಭಕ್ತಿ ಹುಡುಗರಿಗೆ ಮೊದಲು ರುಚಿಸಲಿಲ್ಲ. ಮನೆಗೆ ಬರುತ್ತಿದ್ದ ಉಪದೇಶಕರನ್ನು ಕೆಣಕುವುದು ಅವರ ಆಟವಾಗಿತ್ತು. ಒಮ್ಮೆ ಬಂದಿದ್ದ ಅತಿಥಿಯೊಬ್ಬನಿಗೆ ಕುದುರೆ ಸವಾರಿ ಸರಿಯಾಗಿ ಬಾರದೆಂದು ತಿಳಿದೇ ಅವನನ್ನು ಸವಾರಿಗೆ ಹೊರಡಿಸಿ, ತಮ್ಮ ಕುದುರೆಗಳನ್ನು ನಾಗಾಲೋಟದಲ್ಲಿ ಓಡಿಸಿ ಪೇಚಿಗೆ ಸಿಕ್ಕಿಸಿದರು. ಅತಿಥಿ ಜೀನನ್ನು ಗಟ್ಟಿಯಾಗಿ ಹಿಡಿದು ಕುಳಿತನು, ಸಿಡುಕಲಿಲ್ಲ, ದೂರಲಿಲ್ಲ. ಅದೇ ಭೇಟಿಯಲ್ಲಿ ಆತ ಮೂವರು ಅಣ್ಣತಮ್ಮಂದಿರೊಡನೆ ಬೇರೆ ಬೇರೆಯಾಗಿ ಮಾತನಾಡಿದನು. ಒಂದೇ ದಿನ ಮೂವರೂ ಒಬ್ಬರಿಗೊಬ್ಬರು ತಿಳಿಯದಂತೆ ಕ್ರಿಸ್ತನನ್ನು ಒಪ್ಪಿದರು. ವಾದದಿಂದ ಮಣಿಯದ ಹುಡುಗರು ಆಟದಲ್ಲಿ ಸೋತೂ ನಗಬಲ್ಲವನಿಗೆ ಮಣಿದರೆಂಬುದು ಈ ಚರಿತ್ರೆಯ ಮೊದಲ ಪಾಠ.

ಇನ್ನು ಕ್ರಿಕೆಟ್ಟಿನ ಮಾತು. 1879ರಲ್ಲಿ ಚಾರ್ಲ್ಸ್ ಈಟನ್ ತಂಡದ ನಾಯಕನಾದನು. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದ ಮೇಲೆ ಅವನ ಕೀರ್ತಿ ದೇಶವ್ಯಾಪಿಯಾಯಿತು. 1882ರಲ್ಲಿ ಜಾರ್ಜ್, 1883ರಲ್ಲಿ ಚಾರ್ಲ್ಸ್, 1884ರಲ್ಲಿ ಕೈನಾಸ್ಟನ್ ಹೀಗೆ ಮೂರು ವರ್ಷ ಒಂದರ ಹಿಂದೆ ಒಂದು ಕೇಂಬ್ರಿಜ್ ತಂಡಕ್ಕೆ ಒಂದೇ ಮನೆಯ ಮೂವರು ನಾಯಕರಾದರು. 1882ರ ಬೇಸಗೆಯಲ್ಲಿ ಬಂದ ಬಲಿಷ್ಠ ಆಸ್ಟ್ರೇಲಿಯ ತಂಡವನ್ನು ವಿದ್ಯಾರ್ಥಿಗಳ ಕೇಂಬ್ರಿಜ್ ತಂಡ ಸೋಲಿಸಿದಾಗ ಚಾರ್ಲ್ಸ್ 118 ರನ್ ಹೊಡೆದಿದ್ದನು. ಆ ವರ್ಷವೂ ಮುಂದಿನ ವರ್ಷವೂ ಒಂದು ಸಾವಿರಕ್ಕೆ ಮೇಲ್ಪಟ್ಟು ರನ್ನುಗಳನ್ನೂ ನೂರಕ್ಕೆ ಮೇಲ್ಪಟ್ಟು ವಿಕೆಟ್ಟುಗಳನ್ನೂ ಗಳಿಸಿದನು. ಆತನಿಗೆ ಮುಂಚೆ ಇಂಥ ಸಾಧನೆ ಮಾಡಿದ್ದವನು ಡಬ್ಲ್ಯು. ಜಿ. ಗ್ರೇಸ್ ಒಬ್ಬನೇ.

ಕೀರ್ತಿಯ ಈ ಶಿಖರದಲ್ಲಿಯೇ ಒಂದು ವಿಚಿತ್ರ ಸೋಲು ಕಾದಿತ್ತು. 1882ರ ಆಗಸ್ಟ್ 28 ಮತ್ತು 29ರಂದು ಲಂಡನ್ನಿನ ಓವಲ್ ಬಯಲಿನಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಗಳ ಪಂದ್ಯ ನಡೆಯಿತು. ಗೆಲ್ಲಲು ಇಂಗ್ಲೆಂಡಿಗೆ ಬೇಕಾಗಿದ್ದುದು 85 ರನ್. ಸ್ಪಾಫರ್ತ್ ಎಂಬ ಬೌಲರನ ಎದುರು ವಿಕೆಟ್ಟುಗಳು ಒಂದರ ಮೇಲೊಂದು ಉರುಳಿದವು. ದೇಶದ ಶ್ರೇಷ್ಠ ಆಟಗಾರರಲ್ಲಿ ಒಬ್ಬನಾದ ಸ್ಟಡ್‌ನನ್ನು ನಾಯಕನು ಹತ್ತನೆಯವನಾಗಿ ಕಳುಹಿಸಿದನು. ಆತ ಬ್ಯಾಟು ಹಿಡಿದು ಒಂದು ತುದಿಯಲ್ಲಿ ನಿಂತಿರುವಾಗಲೇ, ಒಂದೇ ಒಂದು ಚೆಂಡನ್ನೂ ಎದುರಿಸುವ ಅವಕಾಶ ಸಿಗುವುದಕ್ಕೆ ಮುಂಚೆಯೇ, ಇನ್ನೊಂದು ತುದಿಯಲ್ಲಿ ಕೊನೆಯ ವಿಕೆಟ್ ಬಿದ್ದಿತು. ಇಂಗ್ಲೆಂಡ್ 7 ರನ್ನುಗಳಿಂದ ಸೋತಿತು. ಇಂಗ್ಲಿಷ್ ಕ್ರಿಕೆಟ್ ಸತ್ತುಹೋಯಿತೆಂದು ಒಂದು ಪತ್ರಿಕೆ ಹಾಸ್ಯಕ್ಕಾಗಿ ಮರಣವಾರ್ತೆಯನ್ನು ಅಚ್ಚುಹಾಕಿತು. ಅದರಿಂದಲೇ ಆ್ಯಷಸ್ ಎಂಬ ಹೆಸರು ಹುಟ್ಟಿತು. ಅದೇ ವರ್ಷದ ಕೊನೆಯಲ್ಲಿ ಐವೊ ಬ್ಲೈ ಎಂಬವನ ನಾಯಕತ್ವದಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ಆ ಬೂದಿಯನ್ನು ಮರಳಿ ತಂದ ತಂಡದಲ್ಲಿ ಚಾರ್ಲ್ಸ್ ಮತ್ತು ಜಾರ್ಜ್ ಇಬ್ಬರೂ ಇದ್ದರು. ಲಾರ್ಡ್ಸ್ ಬಯಲಿನ ವಸ್ತುಸಂಗ್ರಹದಲ್ಲಿ ಇಟ್ಟಿರುವ ಆ ಪುಟ್ಟ ಕುಡಿಕೆಯ ಮೇಲೆ ಅಂಟಿಸಿದ ಪದ್ಯದ ಚೀಟಿಯಲ್ಲಿ ಸ್ಟಡ್ ಸೋದರರ ಹೆಸರು ಉಂಟು.

ಹೊರಗೆ ಇಷ್ಟು ಗೆಲುವು. ಒಳಗೆ ಒಂದು ಬರಡು. ಈಟನ್ ಶಾಲೆಯ ದಿನಗಳಲ್ಲಿ ಒಪ್ಪಿದ ನಂಬಿಕೆಯನ್ನು ಚಾರ್ಲ್ಸ್ ಆರು ವರ್ಷ ಯಾರೊಡನೆಯೂ ಹಂಚಿಕೊಳ್ಳಲಿಲ್ಲ. ತನ್ನೊಡನೆ ಆಡುವವರು, ಉಣ್ಣುವವರು, ಪ್ರಯಾಣ ಮಾಡುವವರು ಅದರ ಸುಳಿವನ್ನೂ ಅರಿಯದಂತೆ ಬಚ್ಚಿಟ್ಟುಕೊಂಡಿದ್ದನು. ಹಂಚದ ನಂಬಿಕೆ ಮೆಲ್ಲಮೆಲ್ಲನೆ ತಣ್ಣಗಾಯಿತೆಂದು ಆತನೇ ಮುಂದೆ ಹೇಳಿಕೊಂಡುದುಂಟು. ಆ ವೇಳೆಗೆ, 1883ರ ಕೊನೆಯಲ್ಲಿ, ಅಣ್ಣ ಜಾರ್ಜ್ ಮರಣಾಂತಿಕವಾದ ಕಾಯಿಲೆಯಿಂದ ಹಾಸಿಗೆ ಹಿಡಿದನು. ಸಾವಿನ ಬಾಗಿಲಲ್ಲಿ ಮಲಗಿದ್ದ ಅಣ್ಣನಿಗೆ ರನ್ನುಗಳ ಲೆಕ್ಕವಾಗಲಿ ಜನರ ಹೊಗಳಿಕೆಯಾಗಲಿ ಬೇಡವಾಗಿತ್ತು. ದೇವರ ಮಾತೊಂದೇ ಬೇಕಾಗಿತ್ತು. ರಾತ್ರಿಗಳನ್ನು ಆ ಹಾಸಿಗೆಯ ಪಕ್ಕದಲ್ಲಿ ಕಳೆದ ತಮ್ಮನಿಗೆ ಕೀರ್ತಿಯ ತೂಕವೆಷ್ಟೆಂಬುದು ತಿಳಿಯಿತು. ಜಾರ್ಜ್ ಗುಣಹೊಂದಿದನು. ಚಾರ್ಲ್ಸ್ ಮೂಡಿಯ ಸಭೆಗೆ ಹೋಗಿ ತನ್ನ ಹಳೆಯ ಒಪ್ಪಿಗೆಯನ್ನು ಹೊಸದಾಗಿಸಿಕೊಂಡನು.

ಅನಂತರ ಆತ ಮಾಡಿದ ಮೊದಲ ಕೆಲಸ ಗಮನಿಸತಕ್ಕದ್ದು. ವೇದಿಕೆ ಏರಲಿಲ್ಲ, ಪುಸ್ತಕ ಬರೆಯಲಿಲ್ಲ. ತನ್ನೊಡನೆ ಆಡುತ್ತಿದ್ದ ಗೆಳೆಯರ ಬಳಿಗೆ ಹೋದನು. ಮಿಡ್ಲ್‌ಸೆಕ್ಸ್ ತಂಡದ ಎ. ಜೆ. ವೆಬ್, ಲ್ಯಾಂಕಷೈರಿನ ಎ. ಜಿ. ಸ್ಟೀಲ್, ಆಸ್ಟ್ರೇಲಿಯ ಯಾತ್ರೆಯ ನಾಯಕ ಐವೊ ಬ್ಲೈ ಇವರೆಲ್ಲ ಆ ಕಾಲದ ಹೆಸರಾಂತ ಆಟಗಾರರು. ಅವರನ್ನು ಮೂಡಿಯ ಸಭೆಗೆ ಬರುವಂತೆ ಕೇಳಿಕೊಂಡನು, ಅವರು ಬಂದರು. ಬಂದುದು ಸ್ಟಡ್ ದೊಡ್ಡ ಭಕ್ತನೆಂದಲ್ಲ, ತಮ್ಮೊಡನೆ ಬಿಸಿಲಲ್ಲಿ ಓಡಿದವನೆಂದು. ಹಡಗಿನ ಪ್ರಯಾಣದಲ್ಲಿ, ಸೋಲಿನ ಸಂಜೆಯಲ್ಲಿ, ಅಂಪೈರನ ತೀರ್ಪು ತನಗೆ ವಿರುದ್ಧವಾದ ಗಳಿಗೆಯಲ್ಲಿ ಆತ ಹೇಗಿದ್ದನೆಂಬುದನ್ನು ಅವರು ಕಂಡಿದ್ದರು. ವಿನ್ಸೆಂಟ್ ತನ್ನ ತಂದೆಗೆ ಮಾಡಿದುದನ್ನೇ ಮಗನು ತನ್ನ ಸಂಗಡಿಗರಿಗೆ ಮಾಡಿದನು: ಬಾಗಿಲವರೆಗೆ ಕೈಹಿಡಿದು ಕರೆದೊಯ್ದು, ಒಳಗೆ ಹೋಗುವುದನ್ನು ಅವರವರಿಗೆ ಬಿಟ್ಟನು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸ್ನೇಹವನ್ನು ಮತಪ್ರಚಾರಕ್ಕೆ ಬಳಸಿಕೊಳ್ಳುವುದು ಸರಿಯೇ, ಗಾಳದ ತುದಿಗೆ ಎರೆಹುಳುವನ್ನು ಸಿಕ್ಕಿಸಿದಂತಲ್ಲವೇ ಎಂದು ವಾಚಕರಲ್ಲಿ ಕೆಲವರಾದರೂ ಕೇಳುವರು. ಕೇಳುವುದು ನ್ಯಾಯ. ಇದಕ್ಕೆ ನಾನು ಕಂಡುಕೊಂಡ ಉತ್ತರ ಇದು. ಆಟದ ಬಯಲಿನಲ್ಲಿ ಯಾರೂ ಯಾರಿಗೂ ಒಡೆಯನಲ್ಲ. ಚೆಂಡು ಹೆಸರು ನೋಡಿ ತಿರುಗುವುದಿಲ್ಲ. ಅಲ್ಲಿ ಬೆಳೆದ ಗೆಳೆತನದಲ್ಲಿ ಇಲ್ಲವೆನ್ನುವ ಸ್ವಾತಂತ್ರ್ಯ ಗೆಳೆಯನಿಗೆ ಪೂರ್ತಿಯಾಗಿ ಉಂಟು. ಇಲ್ಲವೆಂದರೂ ನಾಳೆಯ ಪಂದ್ಯದಲ್ಲಿ ಇಬ್ಬರೂ ಒಂದೇ ತಂಡ. ಬ್ಲೈ, ಸ್ಟೀಲ್, ವೆಬ್ ಇವರು ಸ್ಟಡ್‌ನಿಗೆ ಯಾವ ಋಣದಲ್ಲಿಯೂ ಇರಲಿಲ್ಲ; ಅವನಿಂದ ಅವರಿಗೆ ಉದ್ಯೋಗವಾಗಲಿ ಅನ್ನವಾಗಲಿ ಸಿಗುವಂತಿರಲಿಲ್ಲ. ಸಮಾನರ ನಡುವೆ ಹಂಚಿದ ನಂಬಿಕೆಗೆ ಒಂದು ಮರ್ಯಾದೆಯಿದೆ. ಆ ಸಮಾನತೆ ತಪ್ಪಿದೊಡನೆ ಮರ್ಯಾದೆಯೂ ತಪ್ಪುತ್ತದೆ. ಸ್ಟಡ್‌ನ ಬಾಳಿನ ಮೊದಲರ್ಧವೂ ಕೊನೆಯೂ ಈ ಮಾತಿಗೆ ಎರಡು ಕಡೆಯಿಂದ ಸಾಕ್ಷಿ ಹೇಳುತ್ತವೆ.

1884ರಲ್ಲಿ ಆತ ಹಡ್ಸನ್ ಟೇಲರ್ ಸ್ಥಾಪಿಸಿದ್ದ ಚೀನಾ ಇನ್‌ಲ್ಯಾಂಡ್ ಮಿಷನ್ನನ್ನು ಸೇರಲು ನಿಶ್ಚಯಿಸಿದನು. ಮನೆಯವರು ಅತ್ತರು, ಕ್ರಿಕೆಟ್ ಲೋಕ ಬೆರಗಾಯಿತು. ಆತನೊಡನೆ ಹೊರಟವರು ಇನ್ನೂ ಆರು ಜನ. ಅವರಲ್ಲಿ ಸ್ಟಾನ್ಲಿ ಸ್ಮಿತ್ ಕೇಂಬ್ರಿಜ್ಜಿನ ದೋಣಿ ತಂಡಕ್ಕೆ ಹುಟ್ಟಿನ ಗತಿ ಹಾಕಿಕೊಡುತ್ತಿದ್ದವನು. ಮಾಂಟೇಗು ಬೋಷಂಪ್ ಕೂಡ ದೋಣಿಯಾಟದವನು. ಹೋಸ್ಟ್ ಮತ್ತು ಸೆಸಿಲ್ ಪೋಲ್‌ಹಿಲ್ ಟರ್ನರ್ ಸೈನ್ಯಾಧಿಕಾರಿಗಳು. ಸೆಸಿಲನ ತಮ್ಮ ಆರ್ಥರ್ ಮತ್ತು ಕ್ಯಾಸಲ್ಸ್ ಉಳಿದಿಬ್ಬರು. ಕೇಂಬ್ರಿಜ್ಜಿನ ಏಳ್ವರು ಎಂದು ಹೆಸರಾದ ಈ ತಂಡ 1885ರ ಫೆಬ್ರವರಿ 5ರಂದು ಲಂಡನ್ ಬಿಟ್ಟಿತು. ಹೊರಡುವ ಮುನ್ನ ಅವರು ಎಡಿನ್‌ಬರೋ ಮೊದಲಾದ ಊರುಗಳ ವಿದ್ಯಾರ್ಥಿಗಳನ್ನು ಕಂಡು ಮಾತನಾಡಿದರು. ಸ್ಟಡ್ ದೊಡ್ಡ ವಾಗ್ಮಿಯಲ್ಲ. ಆದರೆ ಧರ್ಮವೆಂಬುದು ಕೈಲಾಗದವರ, ಆಡಲಾರದವರ ಆಸರೆ ಎಂದು ತಿಳಿದಿದ್ದ ತರುಣರ ಎದುರು ದೇಶದ ಅಗ್ರ ಆಟಗಾರನೇ ಬಂದು ನಿಂತಾಗ ಅವರಿಗೆ ತಮ್ಮ ಎಣಿಕೆಯನ್ನು ಬದಲಾಯಿಸಬೇಕಾಯಿತು.

ಇದರ ಅಲೆ ಸಾಗರವನ್ನೂ ದಾಟಿತು. ಏಳ್ವರು ಚೀನಕ್ಕೆ ಹೋದ ಮೇಲೆ ಅಣ್ಣ ಕೈನಾಸ್ಟನ್ ಅಮೆರಿಕಕ್ಕೆ ಹೋಗಿ ಕಾಲೇಜುಗಳಲ್ಲಿ ಈ ಕಥೆಯನ್ನು ಹೇಳಿದನು. 1886ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆತನ ಮಾತು ಕೇಳಿ ಬಾಳಿನ ದಿಕ್ಕನ್ನೇ ಬದಲಿಸಿಕೊಂಡ ಹುಡುಗ ಜಾನ್ ಮಾಟ್. ಆತ ಮುಂದೆ ವೈ. ಎಂ. ಸಿ. ಎ. ಸಂಸ್ಥೆಯ ಜಾಗತಿಕ ನಾಯಕನಾಗಿ 1946ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಹಂಚಿಕೊಂಡನು. ಆ ಸಂಸ್ಥೆಯ ಮೂಲಕ ನಮ್ಮ ನಾಡಿಗೆ ಬಂದ ಆಟಗಳ ಮಾತನ್ನು ಮುಂದೆ ಹೇಳುತ್ತೇನೆ.

ಚೀನದಲ್ಲಿ ಸ್ಟಡ್ ಚೀನೀಯರ ಉಡುಪು ತೊಟ್ಟನು, ಅವರಂತೆ ಜಡೆ ಬಿಟ್ಟನು, ಅವರ ಊಟ ಉಂಡನು. ಇಪ್ಪತ್ತೈದು ತುಂಬಿದಾಗ ತಂದೆಯ ಆಸ್ತಿಯಲ್ಲಿ ಅವನ ಪಾಲಿಗೆ ಸುಮಾರು 29,000 ಪೌಂಡು ಬರತಕ್ಕದ್ದಾಯಿತು. ಅಂದಿನ ಲೆಕ್ಕದಲ್ಲಿ ಅದು ಭಾರಿ ಐಶ್ವರ್ಯ. 1887ರ ಜನವರಿಯಲ್ಲಿ ಕೂತು ಚೆಕ್ಕುಗಳನ್ನು ಬರೆದು ಹೆಚ್ಚುಕಡಿಮೆ ಎಲ್ಲವನ್ನೂ ಕೊಟ್ಟುಬಿಟ್ಟನು. ಮೂಡಿಗೆ 5,000, ಬ್ರಿಸ್ಟಲ್ಲಿನಲ್ಲಿ ಅನಾಥ ಮಕ್ಕಳನ್ನು ಸಾಕುತ್ತಿದ್ದ ಜಾರ್ಜ್ ಮುಲ್ಲರನಿಗೆ 5,000, ಲಂಡನ್ನಿನ ಬಡವರ ನಡುವೆ ದುಡಿಯುತ್ತಿದ್ದ ಜಾರ್ಜ್ ಹಾಲೆಂಡನಿಗೆ 5,000, ಇನ್ನೊಂದು 5,000 ಭಾರತದಲ್ಲಿದ್ದ ಸಾಲ್ವೇಷನ್ ಆರ್ಮಿಯ ಬೂತ್ ಟಕರನಿಗೆ. ಮಿಕ್ಕ ಅಲ್ಪ ಭಾಗವನ್ನು 1888ರಲ್ಲಿ ತಾನು ಕೈಹಿಡಿದ ಪ್ರಿಸಿಲ್ಲಾ ಸ್ಟೂವರ್ಟಳಿಗೆ ಕೊಡಹೋದರೆ ಆಕೆ ಅದನ್ನೂ ದಾನಮಾಡಿಸಿದಳು. ಐರ್ಲೆಂಡಿನ ಈ ಹೆಣ್ಣುಮಗಳು ಸಾಹಸದಲ್ಲಿ ಗಂಡನಿಗೆ ಕಡಮೆಯಾದವಳಲ್ಲ. ಇಬ್ಬರೂ ಷಾನ್ಸಿ ಪ್ರಾಂತದ ಒಳನಾಡಿನಲ್ಲಿ ಅಫೀಮಿನ ಚಟ ಹಿಡಿದವರಿಗಾಗಿ ಆಶ್ರಯವೊಂದನ್ನು ನಡೆಸಿದರು. ನಾಲ್ವರು ಹೆಣ್ಣುಮಕ್ಕಳಾದರು. ಆರೋಗ್ಯ ಕೆಟ್ಟು 1894ರಲ್ಲಿ ಸಂಸಾರ ಇಂಗ್ಲೆಂಡಿಗೆ ಮರಳಿತು.

1900ರಲ್ಲಿ ಸ್ಟಡ್ ಭಾರತಕ್ಕೆ ಬಂದನು. ಮೊದಲು ಕೆಲವು ತಿಂಗಳು ತಂದೆ ಹಣ ಗಳಿಸಿದ ತಿರ್ಹುತ್ ಸೀಮೆಯಲ್ಲಿ ತೋಟಗಾರರ ನಡುವೆ ಕೆಲಸ ಮಾಡಿದನು; ತಾನು ಉಂಡ ನೆಲಕ್ಕೆ ಏನನ್ನಾದರೂ ಹಿಂದಿರುಗಿಸಬೇಕೆಂಬ ಆಸೆ ತಂದೆಗಿತ್ತಂತೆ. ಅನಂತರ ಉದಕಮಂಡಲದ ಯೂನಿಯನ್ ಚರ್ಚಿಗೆ ಪಾದ್ರಿಯಾಗಿ ಬಂದು ಆರು ವರ್ಷ ನಿಂತನು. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳ ಕಾಡನ್ನು ಹಾದು ಹೋದರೆ ಸಿಗುವ ನೀಲಗಿರಿ ಆಗ ಮದರಾಸು ಸರ್ಕಾರದ ಬೇಸಗೆಯ ನೆಲೆ. ಕನ್ನಡಕ್ಕೆ ಬಲು ಹತ್ತಿರವಾದ ನುಡಿಯ ಬಡಗರು ಅಲ್ಲಿನ ಹಟ್ಟಿಗಳಲ್ಲಿ ಬೇಸಾಯ ಮಾಡಿಕೊಂಡಿದ್ದರು. ಅವರ ನಡುವೆ ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಕೆಲಸ ಮಾಡುತ್ತಿದ್ದರು. ಸ್ಟಡ್‌ನ ಸಭೆಯವರು ಮುಖ್ಯವಾಗಿ ಆಂಗ್ಲರು: ಅಧಿಕಾರಿಗಳು, ಕಾಫಿ ಮತ್ತು ಟೀ ತೋಟಗಳವರು, ಸೈನಿಕರು.

ಅಲ್ಲಿ ಆತ ಮತ್ತೆ ಬ್ಯಾಟು ಹಿಡಿದನು. ಚೀನಕ್ಕೆ ಹೊರಟಾಗ ಕ್ರಿಕೆಟ್ಟನ್ನು ತ್ಯಾಗವೆಂದು ಬಿಟ್ಟವನು, ನಲವತ್ತು ದಾಟಿದ ಮೇಲೆ, ಉಬ್ಬಸದಿಂದ ರಾತ್ರಿ ನಿದ್ದೆಯಿಲ್ಲದೆ ನರಳುತ್ತಿದ್ದ ದಿನಗಳಲ್ಲಿಯೂ, ಸೈನಿಕರೊಡನೆ ಪಂದ್ಯಗಳನ್ನಾಡಿದನು. ಚರ್ಚಿನ ಕಡೆ ತಲೆಹಾಕದ ಸಿಪಾಯಿಯೂ ಓವಲ್ಲಿನ ಆಟಗಾರನನ್ನು ನೋಡಲು ಬರುತ್ತಿದ್ದನು. ಆಡಿದ ಮೇಲೆ ಮಾತು ತಾನಾಗಿ ಹುಟ್ಟುತ್ತಿತ್ತು. ಆತನ ಬಾಳಿನ ಈ ಅಧ್ಯಾಯ ಚೀನದಷ್ಟು ಪ್ರಸಿದ್ಧವಲ್ಲ, ಆಫ್ರಿಕದಷ್ಟು ರೋಮಾಂಚಕವಲ್ಲ. ಆದರೂ ನನಗೆ ಇದೇ ಹೆಚ್ಚು ಪ್ರಿಯ. ಬಿಟ್ಟುಕೊಟ್ಟ ವಸ್ತುವನ್ನು ಅಹಂಕಾರವಿಲ್ಲದೆ ಮರಳಿ ಹಿಡಿಯುವುದು ಬಿಡುವುದಕ್ಕಿಂತ ಕಷ್ಟ. ಒಂದು ಕಾಲದಲ್ಲಿ ಕೀರ್ತಿಗಾಗಿ ಹಿಡಿದ ಬ್ಯಾಟನ್ನು ಆತ ಇಲ್ಲಿ ಸ್ನೇಹಕ್ಕಾಗಿ ಹಿಡಿದನು.

ಹಾಗೆಂದು ಆ ಬಯಲಿನ ಎಲ್ಲೆಯನ್ನು ಮರೆಯಲಾಗದು. ಆಟದಲ್ಲಿ ಎಲ್ಲರೂ ಸಮಾನರೆಂಬುದು ಆ ಕಾಲದ ಭಾರತದಲ್ಲಿ ಪೂರ್ತಿ ನಿಜವಾಗಿರಲಿಲ್ಲ. ಸ್ಟಡ್ ಉದಕಮಂಡಲದಲ್ಲಿದ್ದ ವರ್ಷಗಳಲ್ಲಿಯೇ ಪುಣೆ ಮತ್ತು ಮುಂಬಯಿಗಳಲ್ಲಿ ಪಾಲ್ವಂಕರ್ ಬಾಳು ಎಂಬ ಬೌಲರ್ ಹೆಸರು ಮಾಡುತ್ತಿದ್ದನು. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ, ಅಸ್ಪೃಶ್ಯವೆಂದು ದೂರವಿಟ್ಟಿದ್ದ ಜಾತಿಯವನು. ಬಯಲಿನಲ್ಲಿ ಅವನ ಕೈಯ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹದ ಹೊತ್ತಿಗೆ ಮಾತ್ರ ಅವನಿಗೆ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ತಂಡದಲ್ಲಿ ನೂರಕ್ಕೆ ಮೇಲ್ಪಟ್ಟು ವಿಕೆಟ್ಟುಗಳನ್ನು ಕಿತ್ತವನು ಅವನೇ. ಆಟವು ಬಾಗಿಲನ್ನು ತೆರೆಯುತ್ತದೆ, ಆದರೆ ಹೊಸ್ತಿಲನ್ನು ದಾಟಿಸುವುದು ಮನುಷ್ಯರ ಕೆಲಸ ಎಂಬುದಕ್ಕೆ ಬಾಳುವಿನ ಬಾಳೇ ನಿದರ್ಶನ. ಎಲ್ಲೆಗೆರೆಯ ಆಚೆ ಮುಂದುವರಿಯದ ಸಮಾನತೆಯಿಂದ ಗೆಳೆತನ ಬೆಳೆಯದು. ಗೆಳೆತನವಿಲ್ಲದೆ ಹಂಚಿಕೊಳ್ಳುವುದಕ್ಕೆ ಏನೂ ಉಳಿಯದು.

1906ರಲ್ಲಿ ಸ್ಟಡ್ ಸಂಸಾರ ಇಂಗ್ಲೆಂಡಿಗೆ ಹೋಯಿತು. ಐವತ್ತರ ಹೊಸ್ತಿಲಲ್ಲಿ, ವೈದ್ಯರು ಬೇಡವೆಂದರೂ, ಆತ ಆಫ್ರಿಕಕ್ಕೆ ಹೊರಟನು. 1910ರಲ್ಲಿ ಸುಡಾನಿಗೆ ಹೋಗಿಬಂದು, 1913ರಲ್ಲಿ ಆಲ್‌ಫ್ರೆಡ್ ಬಕ್‌ಸ್ಟನ್ ಎಂಬ ತರುಣನೊಡನೆ ಬೆಲ್ಜಿಯನ್ ಕಾಂಗೋದ ನಡುನಾಡನ್ನು ಸೇರಿದನು. ಅಲ್ಲಿ ಆತ ಆರಂಭಿಸಿದ ಮಿಷನ್ ಮುಂದೆ ಹಲವು ದೇಶಗಳಿಗೆ ಹರಡಿತು. 1916ರಲ್ಲಿ ಎರಡನೆಯ ಸಲ ಹೋದವನು ಮತ್ತೆ ತಾಯ್ನಾಡನ್ನು ಕಾಣಲಿಲ್ಲ. ಪ್ರಿಸಿಲ್ಲಾ ಇಂಗ್ಲೆಂಡಿನಲ್ಲಿಯೇ ನಿಂತು ಮಿಷನ್ನಿನ ಭಾರವನ್ನು ಹೊತ್ತಳು. 1928ರಲ್ಲಿ ಒಮ್ಮೆ ಮಾತ್ರ ಗಂಡನನ್ನು ನೋಡಲು ಕಾಂಗೋಕ್ಕೆ ಹೋಗಿ ಸುಮಾರು ಎರಡು ವಾರ ಇದ್ದು ಹಿಂದಿರುಗಿದಳು, ಮರುವರ್ಷ ತೀರಿಕೊಂಡಳು.

ಈ ಕೊನೆಯ ಭಾಗವನ್ನು ಬರೆಯುವಾಗ ಲೇಖನಿ ಭಾರವಾಗುತ್ತದೆ. ತನ್ನ ವಿಷಯದಲ್ಲಿ ಆತನ ಕಠೋರತೆಗೆ ಮಿತಿಯಿರಲಿಲ್ಲ. ದಿನಕ್ಕೆ ಹದಿನಾರು ಹದಿನೆಂಟು ಗಂಟೆ ದುಡಿಯುತ್ತಿದ್ದನು. ಹುಲ್ಲಿನ ಸೂರಿನ ಕೆಳಗೆ ವಾಸ. ಹೊಸ ಒಡಂಬಡಿಕೆಯನ್ನು ಅಲ್ಲಿಯ ಜನರ ಭಾಷೆಗೆ ತಂದನು. ಆದರೆ ಅದೇ ಕಠೋರತೆಯನ್ನು ಇತರರಿಂದಲೂ ಬಯಸಿದನು. ತನ್ನಷ್ಟು ಉರಿಯದವರ ನಂಬಿಕೆಯನ್ನೇ ಶಂಕಿಸಿದನು. ಒಬ್ಬೊಬ್ಬರಾಗಿ ಸಹೋದ್ಯೋಗಿಗಳು ದೂರವಾದರು. ಮೊದಲ ಒಡನಾಡಿಯೂ ಅಳಿಯನೂ ಆದ ಬಕ್‌ಸ್ಟನ್ನನಿಂದಲೂ ಬೇರೆಯಾದನು. ಕಾಯಿಲೆಯ ನೋವಿಗೆಂದು ಹಿಡಿದ ಮಾರ್ಫಿನ್ ಬಿಡಲಾಗದ ಅಭ್ಯಾಸವಾಯಿತು. ಆತ ಬರೆದ ಒಂದು ಕಿರುಹೊತ್ತಗೆಯ ಒರಟು ಮಾತು ಮಿಷನ್ನಿನ ಬೆಂಬಲಿಗರನ್ನೇ ನೋಯಿಸಿತು. ತಾಯ್ನಾಡಿನ ಸಮಿತಿಗೂ ಆತನಿಗೂ ಮನಸ್ತಾಪ ಬೆಳೆದು ಸಂಬಂಧ ಕಡಿಯುವ ಹಂತಕ್ಕೆ ಬಂದಿತು. 1931ರ ಜುಲೈ 16ರಂದು ಕಾಂಗೋದ ಇಬಾಂಬಿ ಎಂಬಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಆತ ಕಣ್ಣುಮುಚ್ಚಿದನು. ಅಲ್ಲಿಯ ಆಫ್ರಿಕನರು ಅವನನ್ನು ತಮ್ಮವನೆಂದೇ ಮಣ್ಣುಮಾಡಿದರು.

ಗೆಳೆಯರನ್ನು ಬಾಗಿಲವರೆಗೆ ಕರೆದೊಯ್ದು ಬಿಟ್ಟಿದ್ದ ತರುಣ, ಮುದುಕನಾದಾಗ ಬಾಗಿಲಲ್ಲಿ ನಿಂತು ಒಳಗೆ ಬಂದವರ ಎದೆಯನ್ನು ಅಳೆಯತೊಡಗಿದನು. ಕಾಂಗೋದಲ್ಲಿ ಆತನಿಗೆ ಎದುರಾಳಿಯಿರಲಿಲ್ಲ, ಅಂಪೈರನೂ ಇರಲಿಲ್ಲ. ಅದು ವಸಾಹತು, ಬಿಳಿಯನ ಮಾತು ಅಲ್ಲಿ ತಾನಾಗಿಯೇ ಆಜ್ಞೆಯಾಗುತ್ತಿತ್ತು. ಔಟ್ ಎಂದೊಡನೆ ಮರುಮಾತಿಲ್ಲದೆ ಹೊರನಡೆಯುವ ಶಿಸ್ತನ್ನು ಕಲಿಸಿದ ಬಯಲು ಬಹು ದೂರ ಉಳಿದುಹೋಗಿತ್ತು. ಆತನ ತ್ಯಾಗವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಅಷ್ಟನ್ನು ಕೊಟ್ಟವರು ವಿರಳ. ಆದರೆ ಕೊಡುವುದರಲ್ಲಿ ಹಿರಿಯನಾದವನಿಗೆ ಸಮಾನರ ಸಂಗ ತಪ್ಪಿಹೋದರೆ ಎಂಥ ನಷ್ಟವಾಗುವುದೆಂಬುದನ್ನು ಮರೆಮಾಚಿ ಚರಿತ್ರೆ ಬರೆಯುವುದು ಆತನಿಗೇ ಮಾಡಿದ ಅನ್ಯಾಯವಾದೀತು.

ಆತನಿಂದ ಹೊರಟ ಸ್ನೇಹದ ಸರಪಣಿ ಮಾತ್ರ ತುಂಡಾಗಲಿಲ್ಲ. ಜಾನ್ ಮಾಟ್ ಮುನ್ನಡೆಸಿದ ವೈ. ಎಂ. ಸಿ. ಎ. ಆಟವನ್ನೇ ಸೇವೆಯೆಂದು ಬಗೆದ ಸಂಸ್ಥೆ. ಬ್ಯಾಸ್ಕೆಟ್‌ಬಾಲ್ 1891ರಲ್ಲಿಯೂ ವಾಲಿಬಾಲ್ 1895ರಲ್ಲಿಯೂ ಅಮೆರಿಕದಲ್ಲಿ ಅದರ ಅಂಗಳಗಳಲ್ಲಿಯೇ ಹುಟ್ಟಿದವು. ಅದರ ಪರವಾಗಿ ಮದರಾಸಿಗೆ ಬಂದ ಹ್ಯಾರಿ ಕ್ರೋ ಬಕ್ 1920ರಲ್ಲಿ ವ್ಯಾಯಾಮ ಶಿಕ್ಷಕರಿಗಾಗಿ ಶಾಲೆಯೊಂದನ್ನು ತೆರೆದನು. ದಕ್ಷಿಣ ಭಾರತದ ಎಷ್ಟೋ ಪ್ರೌಢಶಾಲ���ಗಳಿಗೆ ಡ್ರಿಲ್ ಮಾಸ್ತರರು ಬಂದುದು ಅಲ್ಲಿಂದ. ಈ ದಿನ ನಮ್ಮ ಊರುಗಳ ತೆಂಗಿನ ತೋಟಗಳ ಮಗ್ಗುಲಲ್ಲಿ ಎರಡು ಕಂಬಕ್ಕೆ ಬಲೆ ಕಟ್ಟಿ ವಾಲಿಬಾಲ್ ಆಡುವ ಹುಡುಗರಲ್ಲಿ ಎಲ್ಲ ಜಾತಿಗಳವರೂ ಎಲ್ಲ ಮತಗಳವರೂ ಇದ್ದಾರೆ. ಆಟ ಎಲ್ಲಿಂದ ಬಂತೆಂದು ಅವರು ಕೇಳುವುದಿಲ್ಲ, ಕೇಳಬೇಕಾದುದೂ ಇಲ್ಲ.

ಅದೇ ಬಕ್ 1924ರ ಪ್ಯಾರಿಸ್ ಒಲಿಂಪಿಕ್ ಪಂದ್ಯಗಳಿಗೆ ಭಾರತದ ತಂಡವನ್ನು ಕರೆದೊಯ್ದನು. ಆ ಪಂದ್ಯಗಳಲ್ಲಿಯೇ ಸ್ಕಾಟ್‌ಲೆಂಡಿನ ಎರಿಕ್ ಲಿಡೆಲ್ ಭಾನುವಾರದ ಓಟವನ್ನು ನಿರಾಕರಿಸಿ, ಬೇರೆ ದಿನದ 400 ಮೀಟರ್ ಓಟವನ್ನು ಗೆದ್ದು ಜಗತ್ಪ್ರಸಿದ್ಧನಾದನು. ಸ್ಟಡ್‌ನಂತೆಯೇ ಆತನೂ ಚೀನಕ್ಕೆ ಹೋದನು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಶಿಬಿರದಲ್ಲಿದ್ದಾಗ, ತಾನು ಭಾನುವಾರ ಓಡದವನೇ ಆದರೂ, ಸೆರೆಯ ಮಕ್ಕಳು ಭಾನುವಾರ ಆಡುವಾಗ ಜಗಳವಾಡದಿರಲೆಂದು ತಾನೇ ನಿಂತು ಆಟವನ್ನು ನಡೆಸಿಕೊಟ್ಟನು. 1945ರಲ್ಲಿ ಆ ಶಿಬಿರದಲ್ಲಿಯೇ ತೀರಿಕೊಂಡನು. ತನ್ನ ನಿಯಮವನ್ನು ತನಗೆ ಇಟ್ಟುಕೊಂಡು ಪ್ರೀತಿಯನ್ನು ಇತರರಿಗೆ ಕೊಟ್ಟ ಆ ಓಟಗಾರನಲ್ಲಿ ತರುಣ ಸ್ಟಡ್‌ನ ಗುಣವೇ ಮಾಗಿ ಬಂದಂತೆ ನನಗೆ ತೋರುತ್ತದೆ.

ಸ್ಟಡ್ ಆಡಿದ ಟೆಸ್ಟ್ ಪಂದ್ಯಗಳು ಐದೇ. ಅವುಗಳಲ್ಲಿ ಒಂದೂ ಶತಕವಿಲ್ಲ. ಜನ ಇಂದಿಗೂ ನೆನೆಯುವುದು ಆತ ಚೆಂಡನ್ನೇ ಎದುರಿಸದೆ ಉಳಿದ ಆ ಓವಲ್ ಸಂಜೆಯನ್ನು. ಇನ್ನೊಬ್ಬನ ವಿಕೆಟ್ ಬೀಳುವುದನ್ನು ಎದುರು ತುದಿಯಿಂದ ನೋಡುತ್ತ ನಿಲ್ಲುವುದು ಆಟಗಾರನಿಗೆ ಬಲು ಕಠಿಣವಾದ ಪರೀಕ್ಷೆ. ಓಡಿಹೋಗಿ ಅವನ ಚೆಂಡನ್ನು ತಾನು ಆಡುವಂತಿಲ್ಲ. ಧರ್ಮದ ವಿಷಯದಲ್ಲಿ ಗೆಳೆಯನ ಪಕ್ಕದಲ್ಲಿ ನಿಲ್ಲುವವನ ಪಾಡೂ ಅಷ್ಟೇ. ಜೊತೆಗೆ ನಿಲ್ಲಬಹುದು, ಕೂಗಿ ಎಚ್ಚರಿಸಬಹುದು, ಕರೆದಾಗ ಓಡಬಹುದು. ಅವನ ಪಾಲಿನ ಚೆಂಡನ್ನು ಅವನೇ ಆಡಬೇಕು.